ಏಳು ಸಲ ಕೂಗಿದರೆ ಒಂದು ಕೊಡ

ಮೀಟರ್ ಬಾಕ್ಸಿನ ಹಿಂದೆ ಸೇರಿಸಿಟ್ಟಿದ್ದ ಟು-ಲೆಟ್ ಬೋರ್ಡನ್ನು ಹೋದ ವಾರ ಹೊರಗೆಳೆದೆ. ಮಹಡಿ ಮನೆಯ ಬಾಡಿಗೆಯವರು ಮೂರು ವರ್ಷ ಇದ್ದು ಖಾಲಿ ಮಾಡಿಕೊಂಡು ಹೋಗಿದ್ದರು. ಒಂದೂವರೆ ಅಡಿಯ ತಗಡು, ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರ, ಕೆಳಗೆ ನನ್ನ ಫೋನ್ ನಂಬರು. ಧೂಳು ಒರೆಸೋಣವೆಂದು ಒದ್ದೆ ಬಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತವನು ಅರ್ಧ ಗಂಟೆ ಏಳಲಿಲ್ಲ. ಒಂದು ತಗಡಿನ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ ಎಂದು ನೀವು ಕೇಳಬಹುದು. ನನಗೆ ಬಂತು. ಆಮೇಲೆ ಆ ಸಿಟ್ಟು ತಗಡಿನ ಮೇಲಿನದಲ್ಲ ಎಂದು ಗೊತ್ತಾಯಿತು.

ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಹುಡುಕಿ ಅಲೆದವರಿಗೆ ನಮ್ಮ ಮನೆ ಮಾಲೀಕರ ಪರೀಕ್ಷೆ ಗೊತ್ತಿರುತ್ತದೆ. ಜಾತಿ ಯಾವುದು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಛೆ, ಅಷ್ಟು ಒರಟರೇ ನಾವು? ‘ಊರು ಯಾವ್ದು?’ ಎಂದು ಶುರುವಾಗುತ್ತದೆ. ಊರು ಹೇಳಿದರೆ, ‘ಊರಲ್ಲಿ ಯಾವ ಬೀದಿ?’ ಬೀದಿ ಹೇಳಿದರೆ, ‘ಮನೆದೇವ್ರು ಯಾವ್ದು?’ ಅಷ್ಟು ಹೊತ್ತಿಗೆ ಎದುರಿಗಿರುವವರ ಏಳು ತಲೆಮಾರು ಜಗಲಿಯ ಮೇಲೆ ಬಂದು ಕೂತಿರುತ್ತದೆ. ಮುಸ್ಲಿಮರಾದರೆ ಹೆಸರಿನಲ್ಲೇ ಮುಗಿಯಿತು, ಎರಡನೇ ಪ್ರಶ್ನೆಯ ತೊಂದರೆಯೂ ಇಲ್ಲ. ಇಲ್ಲ ಎನ್ನುವುದಕ್ಕೂ ನಮ್ಮಲ್ಲಿ ಒಂದು ನಯವಿದೆ. ‘ನಮಗೇನಿಲ್ಲಪ್ಪ, ಮನೇಲಿ ಹಿರಿಯರಿದ್ದಾರೆ.’ ತಮ್ಮ ಪಾಡಿಗೆ ಟಿ.ವಿ. ನೋಡುತ್ತಾ ಕೂತ ಎಷ್ಟು ಅಜ್ಜ ಅಜ್ಜಿಯರ ತಲೆಗೆ ಈ ಪಾಪ ಕಟ್ಟಿದ್ದೇವೋ, ಲೆಕ್ಕ ಇಟ್ಟವರಿಲ್ಲ.

ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಯಲಹಂಕ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಪಾಠಗಳಲ್ಲಿ ನನಗೆ ಬಲು ಪ್ರೀತಿಯದು ಒಂದು ಭಾಷಣ. ಅಮೆರಿಕದಲ್ಲಿ ಕರಿಯ ಜನರ ಹಕ್ಕಿಗಾಗಿ ಹೋರಾಡಿದ ಮಹಾನುಭಾವರೊಬ್ಬರು ರಾಜಧಾನಿಯಲ್ಲಿ ಜನಸಾಗರದ ಮುಂದೆ ನಿಂತು ತಮ್ಮ ಕನಸನ್ನು ಹೇಳಿಕೊಂಡದ್ದು. ಯಾವುದೆಂದು ನಿಮಗೆ ಗೊತ್ತು. ಪಠ್ಯದಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ವರ್ಷಕ್ಕೊಮ್ಮೆ ಅದನ್ನು ಓದದೆ ನಾನು ಬಿಡುತ್ತಿರಲಿಲ್ಲ. ಓದುವುದೆಂದರೆ ಸುಮ್ಮನೆ ಓದುವುದಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈ ಚಾಚಿ, ಮೆಲ್ಲಗೆ ಶುರುಮಾಡಿ ಕೊನೆಗೆ ಕಿಟಕಿಯ ಗಾಜು ನಡುಗುವಂತೆ ಮುಗಿಸುತ್ತಿದ್ದೆ. ಹುಡುಗರು ನನಗೆ ‘ಅಮೆರಿಕ’ ಎಂದು ಹೆಸರಿಟ್ಟಿದ್ದರು. ‘ಮಗಾ, ಅಮೆರಿಕ ಬಂತು, ಕೂತ್ಕೋ’ ಎಂದು ಪಿಸುಗುಡುವುದು ನನ್ನ ಕಿವಿಗೂ ಬೀಳುತ್ತಿತ್ತು. ನನಗೆ ಒಳಗೊಳಗೇ ಖುಷಿ. ಆ ಭಾಷಣ ಓದುವಾಗ ನಾನು ಬಹಳ ಒಳ್ಳೆಯ ಮನುಷ್ಯ ಎಂದು ನನಗೇ ಅನಿಸುತ್ತಿತ್ತು.

ಆದರೆ ಓದಿ ಮುಗಿದ ಮೇಲೆ ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದದ್ದೇನು ಗೊತ್ತೇ? ‘ಭಾಷಣಕಾರರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದೇಕೆ? ನಾಲ್ಕು ಅಂಕ.’ ಅದಕ್ಕೆ ಉತ್ತರವನ್ನೂ ನಾನೇ ಬರೆಸುತ್ತಿದ್ದೆ. ಅದೊಂದು ಅಲಂಕಾರ, ಅದಕ್ಕೆ ಗ್ರೀಕರಿಟ್ಟ ಒಂದು ಹೆಸರಿದೆ, ಅದರಿಂದ ಭಾಷಣದ ಸೊಬಗು ಹೆಚ್ಚುತ್ತದೆ. ಸೊಬಗು! ಜನ ನಾಯಿಗಳಿಂದ ಕಚ್ಚಿಸಿಕೊಂಡು, ಲಾಠಿ ಏಟು ತಿಂದು, ಜೈಲು ಕಂಡು ಬಂದು ನಿಂತ ಜಾಗದಲ್ಲಿ ಆಡಿದ ಮಾತಿಗೆ ನಾನು ಸೊಬಗು ಎಂದು ಬರೆಸಿದೆ, ವರ್ಷವರ್ಷವೂ ಬರೆಸಿದೆ.

2009ನೇ ಇಸವಿ ಇರಬೇಕು. ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ತಿರುಗಿದಾಗ ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ಮಂಜುಳಾ. ತೆಳ್ಳಗೆ, ಎಣ್ಣೆ ಹಾಕಿ ಎರಡು ಜಡೆ ಹೆಣೆದ ಹುಡುಗಿ. ಕೋಗಿಲು ದಾಟಿದ ಮೇಲೆ ಸಿಗುವ ನಮ್ಮ ಹಳ್ಳಿಯವಳೇ, ಆದರೆ ಊರಾಚೆಯ ಕಾಲೋನಿಯವಳು. ನಮ್ಮದು ಊರೊಳಗಿನ ಮನೆ, ಹೊಲ ಇದ್ದವರು. ಒಂದಿಷ್ಟು ಜಮೀನು ಮಾರಿ ಅಪ್ಪ ಆರ್.ಟಿ. ನಗರದಲ್ಲಿ ಈ ಮನೆ ಕಟ್ಟಿಸಿದ್ದರು.

“ಸಾರ್, ಅದು ಅಲಂಕಾರಕ್ಕಲ್ಲ ಅನ್ಸುತ್ತೆ,” ಎಂದಳು.

“ಮತ್ಯಾಕಮ್ಮ?”

“ಒಂದ್ಸಲ ಹೇಳಿದ್ರೆ ಕೇಳಲ್ಲ ಅಂತ ಸಾರ್. ನಮ್ಮಜ್ಜಿ ಬಾವಿ ಹತ್ರ ನಿಂತ್ಕೊಂಡು ಹಂಗೇ ಹೇಳ್ತಿದ್ರಂತೆ. ಅವ್ರು ಬಾವಿ ಮುಟ್ಟಂಗಿರ್ಲಿಲ್ವಲ್ಲ. ದೂರ ನಿಂತು, ‘ಒಸಿ ನೀರ್ ಉಯ್ರವ್ವ, ಒಸಿ ನೀರ್ ಉಯ್ರವ್ವ’ ಅಂತ ಕೂಗೋದು. ಏಳ್ ಸಲ ಕೂಗಿದ್ರೆ ಒಂದು ಕೊಡ ಹುಯ್ಯೋರಂತೆ. ಇವ್ರೂ ಹಂಗೇ ಕೂಗ್ತಿದ್ದಾರೆ ಸಾರ್.”

ಆ ಬಾವಿ ಯಾವುದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಿಂದ ಮೂರನೇ ಮನೆಯ ಮುಂದಿನದು. ಬಾವಿಕಟ್ಟೆಯ ಮೇಲೆ ಚಿಕ್ಕ ಹುಡುಗನಾಗಿ ಕೂತು ಆ ಕೂಗನ್ನು ನಾನೇ ಕೇಳಿದ್ದೇನೆ. ನೀರು ಸೇದುವ ಹೆಂಗಸರು ತಮ್ಮ ಮಾತು ಮುಗಿಸಿ, ನಗು ಮುಗಿಸಿ, ಆಮೇಲೆ ಕೈ ಎತ್ತಿ ಸುರಿಯುತ್ತಿದ್ದರು. ಆ ಹೆಂಗಸರಲ್ಲಿ ನಮ್ಮಮ್ಮನೂ ಒಬ್ಬಳು. ಅದೆಲ್ಲ ಮಂಜುಳಾಗೂ ಗೊತ್ತಿತ್ತೋ ಏನೋ, ಮುಖ ನೋಡಿದರೆ ಗೊತ್ತಿದ್ದಂತೇ ಇತ್ತು.

ನಾನು ಏನು ಮಾಡಬೇಕಿತ್ತು, ನೀವೇ ಹೇಳಿ. ಚಾಕ್‌ಪೀಸು ಕೆಳಗಿಟ್ಟು, ‘ನಾನು ಇಷ್ಟು ವರ್ಷ ಹೇಳಿದ್ದು ತಪ್ಪು, ಈ ಭಾಷಣದ ಅರ್ಥ ಇದು’ ಎನ್ನಬೇಕಿತ್ತು. “ಕೂತ್ಕೋಮ್ಮ, ಚೆನ್ನಾಗಿದೆ, ಆದ್ರೆ ಪರೀಕ್ಷೆಗೆ ಅಲಂಕಾರದ ಹೆಸರು ಬರಿ,” ಎಂದೆ. ಅವಳು ಬರೆಯಲಿಲ್ಲ. ಕಿರುಪರೀಕ್ಷೆಯಲ್ಲಿ ಅಜ್ಜಿಯನ್ನೇ ಬರೆದಳು, ತನ್ನ ಬಡಕಲು ಇಂಗ್ಲಿಷಿನಲ್ಲಿ, ಒಂದು ಪುಟ. ನಾನು ಕೆಂಪು ಇಂಕಿನಲ್ಲಿ ‘ಪ್ರಶ್ನೆಗೆ ಸಂಬಂಧವಿಲ್ಲ’ ಎಂದು ಬರೆದು ನಾಲ್ಕಕ್ಕೆ ಒಂದು ಕೊಟ್ಟೆ. ಕೈಬರಹ ಚೆನ್ನಾಗಿತ್ತೆಂದು ಆ ಒಂದು.

ಇಂಥದ್ದನ್ನು ಮರೆಯುವುದು ಸುಲಭ. ನಾನೂ ಮರೆತೆ. ನಿವೃತ್ತನಾದೆ, ಬೀಳ್ಕೊಡುಗೆಯ ದಿನ ಹುಡುಗರು ಒತ್ತಾಯ ಮಾಡಿದ್ದಕ್ಕೆ ಅದೇ ಭಾಷಣವನ್ನು ಇನ್ನೊಮ್ಮೆ ಓದಿ ಚಪ್ಪಾಳೆ ಗಿಟ್ಟಿಸಿದೆ, ಶಾಲು ಹೊದ್ದುಕೊಂಡು ಮನೆಗೆ ಬಂದೆ.

2016ರ ಬೇಸಿಗೆಯಲ್ಲಿ ಮಹಡಿ ಮನೆ ಖಾಲಿಯಿತ್ತು, ಈ ಬೋರ್ಡು ಗೇಟಿನಲ್ಲಿ ನೇತಾಡುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ಹತ್ತಿಯ ಸೀರೆ ಉಟ್ಟ ಹೆಣ್ಣುಮಗಳೊಬ್ಬಳು, “ಸಾರ್, ನಾನು ಮಂಜುಳಾ, ನಿಮ್ ಸ್ಟೂಡೆಂಟು,” ಎಂದಳು. ಇಂಗ್ಲಿಷ್ ಎಂ.ಎ. ಮಾಡಿದ್ದಳು. ಹೆಬ್ಬಾಳದ ಹತ್ತಿರ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಅಪ್ಪ ತೀರಿಕೊಂಡಿದ್ದರು, ಅಮ್ಮನನ್ನು ಜೊತೆಗಿಟ್ಟುಕೊಳ್ಳಲು ಮನೆ ಹುಡುಕುತ್ತಿದ್ದಳು.

“ಒಂಬತ್ತು ಮನೆ ನೋಡ್ದೆ ಸಾರ್. ಮನೆದೇವ್ರ ತನಕ ಬಂದು ನಿಂತ್ಹೋಗುತ್ತೆ. ಇದು ನಿಮ್ ಮನೆ ಅಂತ ಗೊತ್ತಾದ್ಮೇಲೆ ಧೈರ್ಯ ಬಂತು. ಮನೆ ನಮಗೆ ಕೊಡ್ತೀರಾ ಸಾರ್?”

ಒಳಗೆ ಕೂತಿದ್ದ ಅಮ್ಮ ಗೋಡೆ ಹಿಡಿದುಕೊಂಡು ಹಾಲಿಗೆ ಬಂದಳು. ಎಂಬತ್ತು ದಾಟಿತ್ತು, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅಭ್ಯಾಸ ಬಲದಿಂದ ಅವಳ ಬಾಯಿಯೂ ಶುರುವಾಯಿತು.

“ಯಾವೂರವ್ವ?”

ಮಂಜುಳಾ ಊರು ಹೇಳಿದಳು. ಕಾಲೋನಿ ಎಂದೂ ಹೇಳಿದಳು, ಅಮ್ಮ ಕೇಳುವ ಮೊದಲೇ.

“ಮುನಿಯಮ್ಮನ ಮೊಮ್ಮಗಳಾ? ಅಯ್ಯೋ ನನ್ನವ್ವ! ಅವಳ ಕೊಡಕ್ಕೆ ಎಷ್ಟ್ ದಿನ ನಾನೇ ನೀರ್ ಉಯ್ದಿವ್ನಿ!”

“ಗೊತ್ತಜ್ಜಿ,” ಎಂದಳು ಮಂಜುಳಾ. “ಅಜ್ಜಿ ಹೇಳ್ತಿದ್ರು.”

ಅಮ್ಮನ ಮಾತು ಕಿಟಕಿಯಾಚೆಗೆ ಕೇಳಿಸಿತೇ ಎಂದು ನಾನು ನೋಡಿದೆ. ಹೌದು, ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಅಷ್ಟೇ. ಪಕ್ಕದ ಎರಡು ಮನೆ ದಾಯಾದಿಗಳದು, ಎದುರು ಮನೆ ಹೆಂಡತಿಯ ತಮ್ಮನದು. ನಾಳೆ ಇವರೆಲ್ಲ ಏನನ್ನುತ್ತಾರೆ? ನಾವೇನು ಸಸ್ಯಾಹಾರಿಗಳೂ ಅಲ್ಲ, ಆ ನೆಪ ಹೇಳೋಣವೆಂದರೆ ಅಡುಗೆಮನೆಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ಆಗ ನನ್ನ ಬಾಯಿ, ಕಿಟಕಿಯ ಗಾಜು ನಡುಗಿಸುತ್ತಿದ್ದ ಅದೇ ಬಾಯಿ, ಬಹಳ ಮೆತ್ತಗೆ ಹೇಳಿತು:

“ಎರಡು ದಿನ ಮುಂಚೆ ಬರಬಾರ್ದಿತ್ತೇನಮ್ಮ? ನಿನ್ನೆ ತಾನೇ ಒಬ್ರಿಗೆ ಮಾತು ಕೊಟ್ಬಿಟ್ಟೆ. ಬೋರ್ಡು ತೆಗೆಯೋದು ಮರೆತೆ ನೋಡು.”

ಬೋರ್ಡಿನ ವಿಷಯ ಅವಳು ಕೇಳಿರಲಿಲ್ಲ. ಸುಳ್ಳು ಹೇಳುವವರು ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ಅವಳು ನನ್ನನ್ನೇ ನೋಡಿದಳು, “ಸರಿ ಸಾರ್,” ಎಂದಳು, ಅಮ್ಮನಿಗೆ ಕೈಮುಗಿದಳು, ಗೇಟಿನ ಚಿಲಕ ಸರಿಯಾಗಿ ಹಾಕಿಕೊಂಡು ಹೋದಳು. ನನ್ನ ಹೆಂಡತಿ ತಂದಿಟ್ಟ ಕಾಫಿ ಟೀಪಾಯಿಯ ಮೇಲೆ ಹಾಗೇ ಆರಿತು.

ನಾನು ಹೊರಗೆ ಹೋಗಿ ಬೋರ್ಡು ಬಿಚ್ಚಿ ತಂದೆ. ಸುಳ್ಳನ್ನು ನಿಜ ಮಾಡುವ ಆತುರ ನೋಡಿ! ಮತ್ತೆ ಒಳಗೆ ಬಂದಾಗ ಅಮ್ಮ ಅಲ್ಲೇ ಗೋಡೆ ಹಿಡಿದು ನಿಂತಿದ್ದಳು.

“ಯಾರಿಗ್ ಮಾತ್ ಕೊಟ್ಟೆ?”

“ಇನ್ನೇನಮ್ಮ ಮಾಡ್ಲಿ? ನೀನೇ ತಾನೆ ಊರು ಕೇರಿ ಕೇಳಿದ್ದು? ನಿನಗೋಸ್ಕರ...”

“ನನ್ ಯಾಕೆ ಮುಂದ್ಕೆ ಇಡೀತೀಯ?” ಅಮ್ಮನ ದನಿ ಏರಿತು. “ಕೇಳಿದ್ದು ಬಾಯಿಗ್ ಬಂತು, ಕೇಳ್ದೆ. ಬ್ಯಾಡ ಅಂದ್ನಾ? ನೀನು ಕೊಡ್ತೀನಿ ಅಂತೀಯ ಅಂತ ನಿಂತಿದ್ದೆ. ನೀನು ಓದ್ದೋನು.” ಗೇಟಿನ ಕಡೆ ಮುಖ ತಿರುಗಿಸಿ ಅಂದಳು, “ಅವ್ಳ ಅಜ್ಜಿ ಏಳ್ ಕಿತ ಕೂಗೋಳು ಕಣೋ. ಇವ್ಳು ಒಂದೇ ಕಿತ ಕೇಳಿ ಒಂಟೋದ್ಲು.”

ಮೂವತ್ತು ವರ್ಷ ಆ ಭಾಷಣ ಓದಿಸಿದವನಿಗೆ ಅದರ ಅರ್ಥ ಹೇಳಿಕೊಟ್ಟವರು ಇಬ್ಬರೇ. ಒಬ್ಬಳಿಗೆ ನಾನು ನಾಲ್ಕಕ್ಕೆ ಒಂದು ಕೊಟ್ಟಿದ್ದೆ, ಇನ್ನೊಬ್ಬಳಿಗೆ ಓದಲು ಬರುತ್ತಿರಲಿಲ್ಲ. ಮೂರು ದಿನ ಬಿಟ್ಟು ಬೋರ್ಡು ಮತ್ತೆ ಗೇಟಿಗೆ ಕಟ್ಟಿದೆ. ಆ ವಾರವೇ ಯಾರೋ ಬಂದರು. ಅವರ ಮನೆದೇವರೂ ನಮ್ಮದೂ ಒಂದೇ ಆಗಿತ್ತು.

ಅಮ್ಮ ಹೋದ ವರ್ಷ ತೀರಿಕೊಂಡಳು. ಈಗ ಮನೆಯಲ್ಲಿ ಹಿರಿಯ ಎಂದರೆ ನಾನೇ, ಹಿಂದೆ ಬಚ್ಚಿಟ್ಟುಕೊಳ್ಳಲು ಯಾರೂ ಇಲ್ಲ. ಹೋದ ವಾರ ತಗಡು ಒರೆಸುತ್ತಾ ಕೂತಾಗ ಇದೆಲ್ಲ ಹೀಗೆ ಒಂದರ ಹಿಂದೆ ಒಂದು ಬಂತು. ಮಾರನೇ ದಿನ ಬಸ್ಸು ಹತ್ತಿ ಹೆಬ್ಬಾಳದ ಆ ಕಾಲೇಜಿಗೆ ಹೋದೆ. ಮಂಜುಳಾ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದ್ದು ನಿಂತು ಕುರ್ಚಿ ಕೊಟ್ಟಳು. ಮನೆ ಖಾಲಿಯಾಗಿದೆ, ಬಂದುಬಿಡಮ್ಮ ಎಂದೆ.

“ನಾಗಸಂದ್ರದಲ್ಲಿ ಮನೆ ಮಾಡ್ಕೊಂಡಿದ್ದೀವಿ ಸಾರ್. ಅಮ್ಮಂಗೆ ಅಲ್ಲಿ ಒಗ್ಗಿದೆ.”

“ಅಲ್ಲಿಂದ ಇಲ್ಲಿಗೆ ದಿನಾ ಎರಡು ಬಸ್ಸು ಬದಲಾಯಿಸ್ಬೇಕಲ್ಲಮ್ಮ. ಬಂದುಬಿಡು.”

“ಬೇಡ ಸಾರ್.”

“ನನ್ ಮಾತು ಕೇಳು, ಬಂದುಬಿಡು,” ಎಂದೆ ಮತ್ತೆ. ಅವಳು ಪೆನ್ನಿನ ಕ್ಯಾಪು ಮುಚ್ಚಿದಳು. ಒಂದೇ ಮಾತನ್ನು ಎಷ್ಟು ಸಲ ಹೇಳಿದೆನೆಂದು ನನಗೇ ನಾಚಿಕೆಯಾಗಿ ನಿಲ್ಲಿಸಿದೆ.

“ಸಾರ್, ಆ ಭಾಷಣ ಈಗ ನಾನೂ ಪಾಠ ಮಾಡ್ತೀನಿ,” ಎಂದಳು ಆಮೇಲೆ. “ಅಜ್ಜಿಯಿಂದ ಶುರು ಮಾಡ್ತೀನಿ. ಆಮೇಲೆ ಮನೆ ಹುಡುಕಿದ್ದು, ನಮ್ ಮೇಷ್ಟ್ರ ಮನೆಗೆ ಹೋಗಿದ್ದು. ಹುಡುಗ್ರು ಅಷ್ಟು ಹೊತ್ತಿಗೆ ತುಂಬ ಸಿಟ್ಟಾಗಿರ್ತಾರೆ. ಆಗ ಭಾಷಣ ಓದ್ತೀನಿ. ನಿಮ್ ಹೆಸ್ರು ಮಾತ್ರ ಹೇಳಲ್ಲ ಸಾರ್, ಯೋಚ್ನೆ ಮಾಡ್ಬೇಡಿ.”

ನಾನು ಏನೆಂದೆ ಗೊತ್ತೇ? “ಥ್ಯಾಂಕ್ಸಮ್ಮ,” ಎಂದೆ!

ಬಸ್ಸಿನಲ್ಲಿ ಕೂತ ಮೇಲೆ ಆ ಥ್ಯಾಂಕ್ಸಿನ ಅರ್ಥ ನನಗೇ ಹೊಳೆಯಿತು. ನನ್ನ ಮರ್ಯಾದೆಯನ್ನು ಆ ಹುಡುಗಿ ಮೂರು ವರ್ಷ ಕಾಪಾಡಿದ್ದಾಳೆ, ನಾನು ಅದಕ್ಕೆ ರಸೀದಿ ಕೊಟ್ಟು ಬಂದೆ. ಎಂಥ ಹೇಡಿತನವಪ್ಪ ಇದು, ಅರವತ್ತು ದಾಟಿದರೂ ಬಿಡುವುದಿಲ್ಲ. ಮನೆಗೆ ಬಂದವನೇ ಫೋನ್ ಮಾಡಿ, “ಮುಂದಿನ ಸಲ ನನ್ನ ಹೆಸರು ಹೇಳಿಬಿಡು,” ಎಂದೆ.

“ನಾನ್ ಯಾಕ್ ಹೇಳ್ಲಿ ಸಾರ್?” ಎಂದಳು. “ನೀವೇ ಬಂದು ಹೇಳಿ. ಸೋಮವಾರ ಎರಡನೇ ಪೀರಿಯಡ್ಡು ಅದೇ ಪಾಠ ಇದೆ.”

ನಾಳೆ ಸೋಮವಾರ. ಬೋರ್ಡು ಗೇಟಿಗೆ ಕಟ್ಟಿದ್ದೇನೆ. ಬೆಳಿಗ್ಗೆ ಒಬ್ಬ ಹುಡುಗ ಮನೆ ಕೇಳಲು ಬಂದಿದ್ದ. ನಾನು ಬಾಯಿ ತೆರೆಯುವ ಮೊದಲೇ ಊರು, ಬೀದಿ ಎಂದು ಒಪ್ಪಿಸಲು ಹೊರಟ. ಅಷ್ಟು ಮನೆ ಸುತ್ತಿ ಬಂದಿದ್ದ ಪಾಪ. ಅದೆಲ್ಲ ಬೇಡಪ್ಪ, ಮೇಲೆ ಹೋಗಿ ಮನೆ ನೋಡು ಎಂದು ಬೀಗದ ಕೈ ಕೊಟ್ಟೆ. ಎದುರು ಮನೆಯ ಬಾಮೈದ ಕಾಂಪೌಂಡಿನಿಂದ ಕತ್ತು ಚಾಚಿದ್ದ, ಚಾಚಿಕೊಂಡಿರಲಿ ಎಂದು ಬಿಟ್ಟೆ. ಅದೇನೂ ಕಷ್ಟವಾಗಲಿಲ್ಲ.

ಕಷ್ಟವಾಗಿರುವುದು ನಾಳೆಯದು. ಆ ಮಹಾನುಭಾವರ ಭಾಷಣ ನನಗೆ ಈಗಲೂ ಬಾಯಿಪಾಠ, ನಿದ್ದೆಯಲ್ಲಿ ಎಬ್ಬಿಸಿದರೂ ಎಲ್ಲಿ ದನಿ ಏರಿಸಬೇಕು, ಎಲ್ಲಿ ಇಳಿಸಬೇಕು ಗೊತ್ತು. ನಾಳೆ ನಾನು ಹೇಳಬೇಕಾದ್ದು ಒಂದೇ ವಾಕ್ಯ. ಆ ಮೇಷ್ಟ್ರು ನಾನೇ, ಮನೆ ಖಾಲಿಯಿತ್ತು, ನಾನು ಸುಳ್ಳು ಹೇಳಿದೆ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಬೆಳಿಗ್ಗೆಯಿಂದ ಅಭ್ಯಾಸ ಮಾಡುತ್ತಿದ್ದೇನೆ. ಏಳು ಸಲ ಆಯಿತು. ಇನ್ನೂ ಒಂದು ಸಲವೂ ಪೂರ್ತಿ ಬಾಯಿಂದ ಹೊರಗೆ ಬಂದಿಲ್ಲ.