ಗೆರೆಯಾಚೆ ಹೋದ ಬಾವಿ

ಮೊನ್ನೆ ಒಂದೇ ಕ್ಲಿಕ್ಕಿನಲ್ಲಿ ನಾವುಂದ ಊರಿನ ಒಂದು ಬಾವಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ!

ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ.

ಮನೆ ಪ್ಲ್ಯಾನ್ ಬರೆದುಕೊಡುವ ಕುಂದಾಪುರದ ನನ್ನ ಪುಟ್ಟ ಆಫೀಸಿಗೆ ನಾವುಂದದ ಗಿರಿಜಕ್ಕ ತಮ್ಮ ಜಾಗದ ಹಳೆಯ ಸರ್ವೆ ನಕ್ಷೆಯ ಜೆರಾಕ್ಸ್ ಹಿಡಿದು ಬಂದಿದ್ದರು. ಹೊಸ ಮನೆ, ಸುತ್ತ ಕಂಪೌಂಡು, ಎಲ್ಲದಕ್ಕೂ ಪ್ಲ್ಯಾನ್ ಆಗಬೇಕು. ಜತೆಗೆ ಅವರ ಪಕ್ಕದ ಮನೆಯ ಸುಶೀಲಕ್ಕ (ಸಂತೆಗೆಂದು ಹೊರಟವರು, ಫ್ಯಾನ್ ಕಂಡು ಇಲ್ಲೇ ಕೂತರು).

ಮೊದಲು ಜಾಗದ ಗಡಿಯನ್ನು ಕಂಪ್ಯೂಟರಿಗೆ ಇಳಿಸತೊಡಗಿದೆ. ಮೂರು ಬದಿ ನೇರ, ಚಕಚಕ ಮುಗಿಯಿತು. ನಾಲ್ಕನೆಯದು ಬಾಗು. ಹಿಂದೆ ಅಲ್ಲೊಂದು ತೋಡು ಹರಿಯುತ್ತಿತ್ತಂತೆ. ಗಡಿಯೂ ಅದರ ಜತೆಗೇ ಬಳುಕಿದೆ. ತೋಡು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಬಳುಕು ಉಳಿದಿರುವುದು ಕಾಗದದಲ್ಲಿ ಮಾತ್ರ. ಆ ಬಾಗಿನ ಒಳಗೇ ಗಿರಿಜಕ್ಕನ ಹೊಸ ಬಾವಿ; ಅವರು ಹೇಳಿದ ಅಳತೆಗೆ ಅದನ್ನೂ ಗುರುತಿಸಿಕೊಂಡೆ. ಕಡಲ ಬದಿಯಲ್ಲಿ ಸಿಹಿನೀರು ಸಿಗುವುದೆಂದರೆ ಸುಮ್ಮನೆಯೇ?

ಗೆರೆ ಎಳೆದೆ. ಬಾವಿ ಆಚೆ!

"ಅಯ್ಯೋ ದೇವ್ರೇ, ನನ್ ಬಾವಿ ಹ್ವಾಯ್ತಲೆ!" ಗಿರಿಜಕ್ಕ ಪರದೆಗೇ ಬೆರಳಿಟ್ಟರು.

ಸುಶೀಲಕ್ಕ ಕುರ್ಚಿಯಿಂದ ಎದ್ದೇಬಿಟ್ಟರು. "ಹ್ವಾಯ್, ಅಳ್ಸ್‌ಬೇಡಿ, ಹಾಂಗೇ ಇರ್ಲಿ! ಹೆಣೆ ಗಿರ್ಜಾ, ನಾಳಿಂದ ನೀರ್ ಬೇಕಾರೆ ನನ್ನತ್ರ ಕೇಣ್ಕ್!"

ಅವರಿಗೆ ತಮಾಷೆ. ಗಿರಿಜಕ್ಕನಿಗೆ ನಗು ಬರಲಿಲ್ಲ.

ಆದದ್ದಿಷ್ಟೆ. ಈ ಸಾಫ್ಟ್‌ವೇರಿಗೆ ಒಂದು ಹಠ: ಬಾಗಿದ ಗೆರೆಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿಯೇ ಸುತ್ತುತ್ತದೆ. ಎರಡು ತುದಿಗಳನ್ನು ಹಿಂದುಮುಂದಾಗಿ ಕೊಟ್ಟಿರೋ, ಹೊರಗೆ ಉಬ್ಬಬೇಕಾದದ್ದು ಒಳಗೆ ಉಬ್ಬುತ್ತದೆ. (ಸರ್ವೆಯವರು ಬಿಸಿಲಲ್ಲಿ ಸರಪಳಿ ಎಳೆದು ಅಳೆದದ್ದನ್ನು ನಾನು ಫ್ಯಾನಿನಡಿ ಕೂತು ಕೆಡಿಸಿದೆ.) ತುದಿ ಬದಲಿಸಿದೆ. ಬಾವಿ ಈಚೆ ಬಂತು. ಹಳೆಯ ಅಳತೆಗಳನ್ನು ಒಂದೊಂದಾಗಿ ತಾಳೆ ನೋಡಿದೆ, ಸರಿಯಾಗಿತ್ತು. ಗಿರಿಜಕ್ಕ ಉಸಿರು ಬಿಟ್ಟರು. ನನಗೂ ಹೋದ ಜೀವ ಬಂತು!

"ಬಾವಿಲ್ ನೀರ್ ಕಂಡ್ ದಿನ ಮೊದ್ಲ್ನೇ ಕೊಡ್ಪಾನ ತುಂಬ್ಸಿ ನಮ್ಮನಿಗೇ ತಂದ್ ಕೊಟ್ಟಿದ್ಲ್ ಇವ್ಳ್" ಎಂದರು ಸುಶೀಲಕ್ಕ. "ನಂಗೆಂತಕ್ಕೆ ಬಾವಿ?"

ಖುಷಿಯಾಗಿ ಮೂವರಿಗೂ ಚಾ ತರಿಸಿದೆ. ಕುಡಿಯುತ್ತಲೇ ಕೇಳಿದೆ, "ಇನ್ನು ಈ ಬಾಗಿದ ಗಡಿಯುದ್ದಕ್ಕೂ ಕಂಪೌಂಡ್ ಗೋಡೆ ಹಾಕಲಾ?"

ಗಿರಿಜಕ್ಕ ಅಡ್ಡಡ್ಡ ತಲೆಯಾಡಿಸಿದರು. "ಆ ಬದಿ ಬ್ಯಾಡ. ಅವ್ಳ್ ನೀರಿಗ್ ಬಪ್ಪುದ್ ಹ್ಯಾಂಗೆ? ಗಡಿ ಎಲ್ಲಿತ್ತ್ ಅಂದೇಳಿ ಗೊತ್ತಾಯ್ತಲೆ, ಇನ್ ಗ್ವಾಡಿ ಎಂತಕ್ಕೆ?"

ಮೊದಲು ಗೋಡೆ ಕಟ್ಟಿ, ಆಮೇಲೆ ಗಡಿ ಹುಡುಕುವ ಮಹಾನುಭಾವರೇ, ಕೇಳಿಸಿತೇ?