ಎರಡು ಮನೆಯ ಸೈಟು

ದಕ್ಷಿಣ ಕೊಡಗಿನ ಬಾಳೆಲೆ ಕಡೆಯ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನಾನು ನರ್ಸ್ ಆಗಿದ್ದೆ. ಮದುವೆಯಾಗಿರಲಿಲ್ಲ. ಕೆಲಸದ ಜೊತೆಗೆ ಬಂದ ಕ್ವಾರ್ಟರ್ಸೇ ನನ್ನ ಮನೆ. ನಿವೃತ್ತಿ ಹತ್ತಿರವಾಗಿತ್ತು, ಆಮೇಲೆ ಅದನ್ನು ಬಿಟ್ಟುಕೊಡಬೇಕಿತ್ತು. ನನಗೂ ನನ್ನ ತಂಗಿಗೂ ಸೇರಿ ಇದ್ದ ಆಸ್ತಿ ಒಂದೇ: ಉತ್ತರ ಕೊಡಗಿನ ಪೇಟೆಯೊಂದರ ಬಡಾವಣೆಯಲ್ಲಿ ಅಪ್ಪ ನಮ್ಮಿಬ್ಬರ ಹೆಸರಿಗೆ ಬಿಟ್ಟುಹೋದ ಮೂವತ್ತು-ನಲವತ್ತರ ಸೈಟು. ಅಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಗದ್ದೆ ಹೋಯಿತು, ಸೈಟು ಉಳಿಯಿತು.

ತಂಗಿ ಅದೇ ಪೇಟೆಯಲ್ಲಿ ಟೈಲರ್. ಬಾಡಿಗೆ ಮನೆಯಲ್ಲಿ ಗಂಡ, ಇಬ್ಬರು ಹೆಣ್ಣುಮಕ್ಕಳು; ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆಯ ಅಂಗಡಿ. ಅವಳ ಲೆಕ್ಕ ಸರಳವಾಗಿತ್ತು. ಕೆಳಗೆ ನನಗೊಂದು ಮನೆ, ಮೇಲೆ ಅವಳಿಗೊಂದು, ಅದರ ಮೇಲೆ ಬಾಡಿಗೆಗೆ ಇನ್ನೊಂದು. ನಮಗೆ ಮನೆ ಕಟ್ಟಿಕೊಡಲು ಒಪ್ಪಿದ ಮೇಸ್ತ್ರಿ ಕಣ್ಣೂರಿನವರು. ಕೊಡಗಿಗೆ ಬಂದು ಬಹಳ ಕಾಲವಾಗಿತ್ತು. ಸೈಟಿನ ನಾಲ್ಕು ಮೂಲೆ ಸುತ್ತಿ ಬಂದು, "ಮೂರು ಫ್ಲೋರ್ ಸುಖವಾಗಿ ಬರ್ತದೆ ಚೇಚಿ. ಗಡಿ ಕಲ್ಲಿಗೆ ತಾಗಿಸಿಯೇ ಗೋಡೆ ಎಬ್ಬಿಸುವ," ಎಂದರು. ನನ್ನನ್ನು ಅವರು ಮಲಯಾಳಂನಲ್ಲಿ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಸುತ್ತ ಜಾಗ ಬಿಡ್ಬೇಕಲ್ವಾ? ರೂಲ್ ಏನಿದೆ?" ಎಂದು ಕೇಳಿದೆ.

"ರೂಲ್ ಉಂಟು," ಎಂದು ನಕ್ಕರು. "ಅದು ನೋಡಿ ಕಟ್ಟಿದ್ದು ಈ ರೋಡಲ್ಲಿ ಒಂದು ಮನೆಯೂ ಇಲ್ಲ."

ಆ ನಗು ನನಗೆ ಹಿಡಿಸಲಿಲ್ಲ. ನಿಯಮ ಇರುವುದೇ ಆದರೆ ಅದೇನೆಂದು ತಿಳಿಯಬೇಕು ಎಂದುಕೊಂಡೆ. ಪಕ್ಕದ ಮನೆಯವರು ಮೂರು ಅಡಿ ಬಿಟ್ಟರೆ ಸಾಕು ಅಂದರು. ತಂಗಿಯ ಗಂಡ, ಪೇಟೆಯೊಳಗೆ ಏನೂ ಬಿಡಬೇಕಾಗಿಲ್ಲ ಅಂದರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾನೂನು. ಕೊನೆಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ, ನಗರ ಯೋಜನೆಯ ಕಚೇರಿಯಲ್ಲಿ ಕೂತೆ.

ಅಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ, ಅವಸರದವರು. "ಮೇಡಂ, ನಿಮ್ಮ ಇಂಜಿನಿಯರ್‌ಗೆ ಎಲ್ಲಾ ಗೊತ್ತಿರುತ್ತೆ. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ?" ಎಂದರು.

"ಮನೇಲಿ ಇರೋಳು ನಾನಲ್ವಾ ಸಾರ್? ನನಗೂ ಗೊತ್ತಾಗ್ಲಿ."

ಅವರು ಮುಖ ನೋಡಿದರು. ಎದ್ದು ಹೋಗಿ ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ನಮ್ಮ ಬಡಾವಣೆಗೆ ಹಳದಿ ಬಣ್ಣ, ವಾಸದ ವಲಯ. ಆಮೇಲೆ ನಿಯಮಗಳ ಪ್ರತಿ ಕೊಟ್ಟರು. ಕನ್ನಡವೇ ಆದರೂ ಮೊದಲ ಓದಿಗೆ ಏನೂ ತಲೆಗೆ ಹೋಗಲಿಲ್ಲ. "ಪ್ರತಿ ನಿವೇಶನದ ನೆಲ ವಿಸ್ತೀರ್ಣದ ಅನುಪಾತವು ಎದುರಿನ ರಸ್ತೆಯ ಅಗಲಕ್ಕೆ ಒಳಪಟ್ಟು" ಎಂದು ಶುರುವಾದ ವಾಕ್ಯ ಮುಗಿಯುವಷ್ಟರಲ್ಲಿ ಶುರುವಾದದ್ದು ಮರೆತುಹೋಗುತ್ತಿತ್ತು. ವಾಪಸ್ ಬರುವಾಗ ಬಸ್ಸಿನಲ್ಲೇ ಓದಿದೆ. ಕ್ವಾರ್ಟರ್ಸಿಗೆ ಬಂದು ಊಟದ ಮೇಜಿನ ಮೇಲಿಟ್ಟುಕೊಂಡು ಮತ್ತೆ ಓದಿದೆ. ಅರ್ಥವಾಗದಿದ್ದಾಗ ಇನ್ನೊಂದು ವಾರ ಬಿಟ್ಟು ಮತ್ತೆ ಮಡಿಕೇರಿಗೆ ಹೋದೆ. ಮೂರನೆಯ ಸಲ ನನ್ನನ್ನು ಬಾಗಿಲಲ್ಲಿ ಕಂಡಾಗ ಆ ಅಧಿಕಾರಿಯೇ ಕುರ್ಚಿ ಎಳೆದು ಹಾಕಿದರು.

ಅರ್ಥವಾದದ್ದು ಔಷಧದ ಲೆಕ್ಕದ ಮೂಲಕ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ತಾಯಂದಿರಿಗೆ ಸಿರಪ್ ಕೊಡುವಾಗ ನಾನು ಮೊದಲು ಮಗುವನ್ನು ತೂಗುತ್ತಿದ್ದೆ. ತೂಕಕ್ಕೆ ತಕ್ಕ ಔಷಧ. ಇಲ್ಲೂ ಹಾಗೆಯೇ: ಸೈಟಿನ ಅಳತೆಗೆ ತಕ್ಕಷ್ಟು ಕಟ್ಟಡ. ನಮ್ಮ ರಸ್ತೆಯ ಅಗಲಕ್ಕೆ, ಎಲ್ಲ ಅಂತಸ್ತು ಕೂಡಿಸಿದರೂ ಸೈಟಿನ ಅಳತೆಯ ಒಂದೂವರೆ ಪಟ್ಟಿಗಿಂತ ಹೆಚ್ಚು ಕಟ್ಟುವಂತಿರಲಿಲ್ಲ. ಸೈಟಿನ ನೆಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಕಟ್ಟಡದಿಂದ ಮುಚ್ಚಬಹುದು. ಸುತ್ತ ಜಾಗ ಬಿಡಬೇಕು. ಮತ್ತು ಅಷ್ಟು ಸಣ್ಣ ಸೈಟಿನಲ್ಲಿ ಇರಬಹುದಾದ ಮನೆಗಳು ಎರಡು. ನೀರು, ಚರಂಡಿ, ರಸ್ತೆ ಎಷ್ಟು ಸಂಸಾರಗಳನ್ನು ತಾಳುತ್ತವೆ ಎಂಬುದರ ಮೇಲೆ ಆ ಸಂಖ್ಯೆ ನಿಂತಿದೆ ಎಂದು ಅಧಿಕಾರಿ ಬಿಡಿಸಿ ಹೇಳಿದರು.

ಮೂರನೆಯ ಮನೆ ಇಲ್ಲ ಎಂದು ತಂಗಿಗೆ ಅವಳ ಅಂಗಡಿಯಲ್ಲೇ ಹೇಳಿದೆ. ಹೊಲಿಗೆ ಮಷಿನ್ ನಿಂತಿತು.

"ಹಿಂದಿನ ಬೀದಿ ನೋಡಿದ್ದೀಯಾ ಅಕ್ಕ? ಒಂದೊಂದು ಬಿಲ್ಡಿಂಗಲ್ಲಿ ಆರಾರು ಮನೆ. ಅವ್ರನ್ನ ಯಾರಾದ್ರೂ ಕೇಳಿದ್ರಾ? ಕಾನೂನೆಲ್ಲ ನಮಗೇ ಯಾಕೆ?"

"ಅವ್ರು ಮಾಡಿದ್ದು ತಪ್ಪು ಅಂತ ಗೊತ್ತಾದ್ಮೇಲೆ ನಾವೂ ಮಾಡೋದಾ?"

"ನಿಂಗೆ ಒಂದೇ ಹೊಟ್ಟೆ. ನಂಗೆ ಹೆಣ್ಣುಮಕ್ಕಳವ್ರೆ," ಎಂದಳು. ಮಷಿನ್ ಮತ್ತೆ ಓಡತೊಡಗಿತು. ಆ ಮಾತು ನೋಯಿಸಿತು. ಆದರೆ ಅವಳ ಕಷ್ಟ ಸುಳ್ಳಾಗಿರಲಿಲ್ಲ.

ಒಂದಿಷ್ಟು ದಿನ ನಾವು ಮಾತಾಡಲಿಲ್ಲ. ಮಾತಾಡುವಂತಾದದ್ದು ಒಂದು ಭಾನುವಾರ. ಸೈಟಿನ ಹುಲ್ಲು ಸವರಿಸಲು ನಾನು ಬಂದಿದ್ದೆ. ತಂಗಿಯೂ ಬಂದು ದೂರದಲ್ಲಿ ನಿಂತಿದ್ದಳು. ನಾನು ನರ್ಸ್ ಎಂದು ತಂಗಿಯಿಂದ ತಿಳಿದಿದ್ದ ಒಬ್ಬ ಹೆಂಗಸು ಹಿಂದಿನ ಬೀದಿಯಿಂದ ಓಡಿಬಂದು, "ನರ್ಸಮ್ಮ, ನಮ್ಮ ಮಾವ ಎದೆ ಹಿಡ್ಕೊಂಡು ಕೂತವ್ರೆ," ಎಂದಳು. ಇಬ್ಬರೂ ಓಡಿದೆವು. ಅವರ ಮನೆ ಎರಡು ಕಟ್ಟಡಗಳ ಹಿಂದೆ, ಎರಡನೇ ಮಹಡಿಯಲ್ಲಿ. ಆಂಬುಲೆನ್ಸ್ ಬೇಗ ಬಂತು, ಆದರೆ ಬೀದಿಯ ಬಾಯಲ್ಲೇ ನಿಂತಿತು. ಎರಡೂ ಬದಿ ಬೈಕು, ಕಾರು. ಸ್ಟ್ರೆಚರ್ ಮೆಟ್ಟಿಲಲ್ಲಿ ತಿರುಗಲಿಲ್ಲ. ಮುದುಕರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾನು ತಲೆಯ ಕಡೆ, ತಂಗಿ ಮತ್ತು ಆಂಬುಲೆನ್ಸಿನವರು ಕಾಲ ಕಡೆ ಹಿಡಿದು ಇಳಿಸಿದೆವು. ಕೆಳಗೆ, ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಅಡ್ಡಕ್ಕೆ ತಿರುಗಿಸಿ, ಎತ್ತಿ, ಮತ್ತೆ ಇಳಿಸಿ ಹೊರಗೆ ತರುವಷ್ಟರಲ್ಲಿ ತಂಗಿಯ ಮೊಣಕೈ ಗೋಡೆಗೆ ಉಜ್ಜಿ ಚರ್ಮ ಸುಲಿದಿತ್ತು.

ಮುದುಕರು ಬದುಕಿಕೊಂಡರು. ಅವತ್ತು ಸಂಜೆ ತಂಗಿಯ ಮೊಣಕೈಗೆ ಮುಲಾಮು ಹಚ್ಚುವಾಗ ನಾನು ನಿಯಮದ ಮಾತೆತ್ತಲಿಲ್ಲ. ಅವಳೇ ಎತ್ತಿದಳು.

"ಗೋಡೆ ಅಷ್ಟು ಹತ್ರ ಬೇಡ ಬಿಡು. ಆದ್ರೆ ನನ್ನ ಅಂಗಡಿ ಬಾಡಿಗೆಗೊಂದು ದಾರಿ ಹುಡುಕು. ಅಷ್ಟು ಓದಿದ್ದೀಯಲ್ಲ, ಏನು ಮಾಡ್ಬಾರ್ದು ಅಂತ ಮಾತ್ರ ಬರ್ದವ್ರಾ ಅದ್ರಲ್ಲಿ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮತ್ತೆ ಮೊದಲಿಂದ ಓದಿದೆ. ಈ ಸಲ, ಏನು ಮಾಡಬಹುದು ಎಂದು ಹುಡುಕುತ್ತಾ. ವಾಸದ ವಲಯದಲ್ಲಿ ಮನೆಯವರೇ ನಡೆಸುವ ಸಣ್ಣ ಕಸುಬಿಗೆ, ಮನೆಯ ಒಂದು ಸಣ್ಣ ಭಾಗದಲ್ಲಿ, ಅನುಮತಿ ಪಡೆದು ಜಾಗ ಮಾಡಿಕೊಳ್ಳಬಹುದಿತ್ತು. ಟೈಲರಿಂಗ್ ಅದರಲ್ಲಿ ಬರುತ್ತದೆಯೇ ಎಂದು ಕೇಳಲು ತಂಗಿಯನ್ನೂ ಮಡಿಕೇರಿಗೆ ಕರೆದುಕೊಂಡು ಹೋದೆ.

"ಎಷ್ಟು ಮಷಿನ್ ಇದೆ?" ಎಂದರು ಅಧಿಕಾರಿ.

"ಎರಡು ಸಾರ್. ಒಂದು ಹೊಲಿಯೋದು, ಇನ್ನೊಂದು ಅಂಚು ಕಟ್ಟೋ ಓವರ್‌ಲಾಕ್‌ದು."

"ಬರುತ್ತಮ್ಮ. ಪ್ಲಾನಲ್ಲೇ ತೋರಿಸಿ."

ನನ್ನೊಬ್ಬಳಿಗೆ ದೊಡ್ಡ ಮನೆ ಬೇಕಿರಲಿಲ್ಲ. ಕೆಳಗೆ ನನಗೆ ಒಂದು ಕೋಣೆ, ಅಡುಗೆಮನೆ. ರಸ್ತೆ ಕಡೆಗೆ ಅವಳ ಹೊಲಿಗೆ ಕೋಣೆ. ಮೇಲೆ ಅವಳ ಮನೆ, ಅದರ ಮೇಲೆ ಉಳಿದ ಪಾಲಿನಲ್ಲಿ ಹುಡುಗಿಯರಿಗೆ ಒಂದು ಕೋಣೆ. ಒಂದೂವರೆ ಪಟ್ಟು ಅಲ್ಲಿಗೆ ಮುಗಿಯಿತು. ಬಾಡಿಗೆ ಬರುವ ಮನೆ ಇಲ್ಲ, ಆದರೆ ತಂಗಿ ಕೊಡುತ್ತಿದ್ದ ಮನೆ, ಅಂಗಡಿಯ ಬಾಡಿಗೆ ಎರಡೂ ನಿಲ್ಲುತ್ತಿದ್ದವು.

ಪಾಯ ತೆಗೆಯುವ ದಿನ ಮೇಸ್ತ್ರಿ ದಾರ ಕಟ್ಟಿದ್ದರು. ಟೇಪು ಹಿಡಿದು ನೋಡಿದರೆ ಬಲಗಡೆ ಬಿಡಬೇಕಾದ ಜಾಗದೊಳಗೆ ಅದು ಒಂದು ಅಡಿ ಒತ್ತಿತ್ತು.

"ಒಂದು ಅಡಿಗೆ ಏನು ಚೇಚಿ? ನಿಮ್ಮ ಜಾಗವೇ ಅಲ್ವಾ? ಒಳಗೆ ರೂಮ್ ದೊಡ್ಡದಾಗ್ತದೆ," ಎಂದರು.

ನಾನು ಬಾಯಿ ತೆರೆಯುವ ಮುಂಚೆ ತಂಗಿ ಗೂಟದ ಹತ್ತಿರ ಹೋದಳು. "ಬೇಡ. ಆ ಜಾಗದಲ್ಲಿ ಇಬ್ಬರು ಒಬ್ಬ ಮನುಷ್ಯನ್ನ ಎತ್ಕೊಂಡು ಹೋಗೋ ಹಂಗಿರ್ಬೇಕು," ಎಂದು ತಾನೇ ಗೂಟ ಕಿತ್ತು ಈಚೆ ನೆಟ್ಟಳು. ಮೇಸ್ತ್ರಿ ತಲೆ ಕೆರೆದುಕೊಂಡು ದಾರ ಬಿಚ್ಚಿ ಮತ್ತೆ ಕಟ್ಟಿದರು. ಮುಂದೆ ಕೆಲಸ ಮುಗಿಯುವವರೆಗೂ, ಕಿಟಕಿಯ ಸಜ್ಜಾ ಎಷ್ಟು ಹೊರಗೆ ಬರಬಹುದು ಎಂಬುದನ್ನೂ ಅವರು ನಮ್ಮಲ್ಲಿ ಕೇಳಿಯೇ ಹಾಕಿದರು.

ಈಗ ನಾವಿರುವುದು ಆ ಮನೆಯಲ್ಲೇ. ಬೀದಿಯಲ್ಲಿ ನಮ್ಮದು ಸಣ್ಣ ಕಟ್ಟಡ. ಮಳೆಗಾಲದಲ್ಲಿ ಬಿಟ್ಟ ಜಾಗದಲ್ಲಿ ಪಾಚಿ ಕಟ್ಟುತ್ತದೆ. ತಂಗಿಯ ಗಂಡ ಬೈದುಕೊಂಡೇ ಉಜ್ಜುತ್ತಾರೆ. ತಂಗಿಗೆ ಆ ಬಾಡಿಗೆ ಮನೆಯ ಆಸೆ ಪೂರ್ತಿ ಹೋಗಿಲ್ಲ, ಆಗೀಗ ಅದನ್ನು ಎತ್ತಿ ಆಡುತ್ತಾಳೆ. ಕಳೆದ ತಿಂಗಳು ಎದುರಿನ ಖಾಲಿ ಸೈಟಿನವರು ಬಂದು, ನಾಲ್ಕು ಅಂತಸ್ತು ಎಬ್ಬಿಸಬೇಕೆಂದಿದ್ದೇವೆ, ಈ ರೋಡಿಗೆ ಎಷ್ಟು ಕಟ್ಟಲು ಬಿಡುತ್ತಾರೆ ಎಂದು ಕೇಳಿದರು. ತಂಗಿ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದು, "ಬನ್ನಿ, ಕೂತ್ಕೊಳ್ಳಿ. ಅಕ್ಕ ಹೇಳ್ತಾಳೆ. ಮೊದ್ಲು ನಿಮ್ಮ ಸೈಟು ಎಷ್ಟು ಅಂತ ಹೇಳಿ," ಎಂದಳು.