ಟವೆಲ್ಲಿನಡಿಯ ತಂತಿ ಸುದ್ದಿ

ನಾನು ಗುಂಡ್ಲುಪೇಟೆಯಿಂದ ಹಳೇ ಹಿತ್ತಾಳೆ ಕೊಳ್ಳಲು ಹೋಗುತ್ತಿದ್ದಾಗ ಚಾಮರಾಜನಗರದಲ್ಲಿ ಒಬ್ಬ ನಿವೃತ್ತ ತಂತಿ ಮಾಸ್ತರರಿದ್ದರು. ಗುಜರಿಗೆ ಬಿದ್ದ, ಟಕಟಕ ಕುಟ್ಟಿ ಟೆಲಿಗ್ರಾಂ ಕಳಿಸುವ ತಂತಿ ಯಂತ್ರಗಳನ್ನು ರಿಪೇರಿ ಮಾಡಿ, ಹುಣಸೆಹಣ್ಣು ಹಾಕಿ ಉಜ್ಜಿ, ಸಂತೆಯ ದಿನ ಜಗಲಿಯಲ್ಲಿ ಪ್ರದರ್ಶನಕ್ಕಿಡುವರು. ಅವರು ಅಲ್ಲಿ ಕುಟ್ಟಿದ್ದನ್ನು ಹೆಂಡತಿ, ತಂತಿ ಎಳೆದು ಜೋಡಿಸಿದ ಅಡುಗೆಮನೆಯ ಯಂತ್ರದಲ್ಲಿ ಕೇಳಿ, ಗಟ್ಟಿಯಾಗಿ ಕೂಗಿ ಹೇಳುವರು. "ಹಿತ್ತಾಳೆ ಮಾತಾಡ್ತದೆ, ಕಿವಿ ಕೊಡಿ ಸ್ವಾಮಿ!" ಎನ್ನುವರು ಮಾಸ್ತರರು.

ಒಂದು ಸಂತೆಯಲ್ಲಿ ಆ ಜೋಡಿ ಯಂತ್ರಗಳನ್ನು ಕರಗಿಸಲು ಕೊಡಿರೆಂದು ಕೇಳಿದೆ. ಜನರಿಗೆ ಬೆಲೆ ತಿಳಿಯದಂತೆ ಕೈ ಮೇಲೆ ಟವೆಲ್ ಹೊದಿಸಿ, ಬಾಯಿ ಬಿಡದೆ ಅವರ ಬಲಗೈ ಬೆರಳು ಒತ್ತಿಯೇ ಇಪ್ಪತ್ತೆಂದು ತಿಳಿಸಿದೆ. ಒಪ್ಪಿದವರಂತೆ ತಲೆಯಾಡಿಸಿದರು. ಎಡಗೈ ಮಾತ್ರ ಯಂತ್ರ ಕುಟ್ಟುತ್ತಿತ್ತು.

"ಇಪ್ಪತ್ತು ರೂಪಾಯಿಗಾ? ಕೊಟ್ಬುಟ್ರೆ ನಾಳೆಯಿಂದ ಅಡುಗೆ ನೀವೇ ಮಾಡ್ಕಳಿ ಕಣ್ರೀ!" ಒಳಗಿಂದ ಹೆಂಡತಿ ಕೂಗಿದರು.

ಜನ ಬಿದ್ದು ಬಿದ್ದು ನಕ್ಕರು. "ಹಿತ್ತಾಳೆ ಮಾತಾಡ್ತದೆ ಸ್ವಾಮಿ," ಎಂದರು ಮಾಸ್ತರರು, ಏನೂ ಅರಿಯದವರಂತೆ.

ಅದಕ್ಕೇ ಹೇಳುತ್ತೇನೆ: ಟವೆಲ್ಲಿನಡಿ ವ್ಯಾಪಾರ ಮಾಡುವಾಗ ಎದುರಿನವರ ಎರಡೂ ಕೈ ಹಿಡಿದುಕೊಳ್ಳಿ.